ಬಾಕಿ ನಾಲ್ಕು

ಕಾರ್ಯದರ್ಶಿ ಯೋರಿಸ್ ಕೇಳಿದ್ದು ಇಷ್ಟೇ:
"ಒಂದೇ ಪುಟ ಸಾಕು, ನೇಲ್ತ್ಯೆ ಅಜ್ಜಿ.
ವೆಸ್ಟರ್‌ಮೀರ್ ಹಾಕಿ ಕ್ಲಬ್ಬಿಗೆ ನೂರಾ ಇಪ್ಪತ್ತೈದು.
ಗೆದ್ದದ್ದೆಲ್ಲ ಬರೆದುಕೊಡಿ,
ಸೋತದ್ದನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ."

ಗೆದ್ದದ್ದಕ್ಕೆ ಅರ್ಧ ಪುಟವೂ ಹೆಚ್ಚು.
ಮೂವತ್ತೊಂದರಲ್ಲಿ ಜಿಲ್ಲೆಯ ಬೆಳ್ಳಿ ಕಪ್ಪು.
ಐವತ್ತೆಂಟರಲ್ಲಿ ಮತ್ತೆ ಅದೇ ಕಪ್ಪು.
ಎಪ್ಪತ್ತನಾಲ್ಕರಲ್ಲಿ ನಮ್ಮ ಹೆಂಗಸರು
ಆಮ್ಸ್ಟರ್‌ಡ್ಯಾಮಿನವರಿಗೆ ಅವರದೇ ಅಂಗಳದಲ್ಲಿ ಮಣ್ಣು ಮುಕ್ಕಿಸಿದರು.
ಮಣ್ಣೆಂದರೆ ಮಣ್ಣೇ, ಅಂದು ಮಳೆ ಬಿದ್ದಿತ್ತು.
ಮಿಕ್ಕ ವರ್ಷವೆಲ್ಲ ಎರಡನೆಯವರು, ಆರನೆಯವರು,
"ಗಾಳಿ ಜೋರಾದ್ದರಿಂದ ಆಟ ನಿಂತಿತು."

ತಗಡಿನ ಪೆಟ್ಟಿಗೆ ತೆರೆದು ಕೂತೆ.
ಮೊದಲ ವಹಿಯಲ್ಲಿ ಹನ್ನೊಂದು ಸಹಿ, ನಾಲ್ಕು ಹೆಂಗಸರವು.
ಕಿತ್ತಳೆ ಬಣ್ಣದ ಮೆತ್ತನೆ ಚೆಂಡು,
ಎರಡೂ ಕೆನ್ನೆ ಚಪ್ಪಟೆಯಾದ ಕೋಲು,
ನಮ್ಮೂರ ಪಾದ್ರಿಯ ಹಾಗೆ ಎರಡೂ ಕಡೆ ಮಾತಾಡುವಂಥದ್ದು.
ನಿಯಮ ಏಳು: ಲಂಗದ ಅಂಚು ನೆಲದಿಂದ ಒಂದು ಗೇಣು ಮೇಲಿರಲಿ,
ಚೆಂಡು ಒಳಗೆ ಅಡಗಿದರೆ ಹುಡುಕುವವರಾರು?
ಆಮೇಲೆ ಲೋಕದ ನಿಯಮ ಬಂತು,
ಚೆಂಡು ಗಟ್ಟಿಯಾಯಿತು,
ಕೋಲಿಗೆ ಒಂದೇ ಕೆನ್ನೆ ಉಳಿಯಿತು.

ಎಂಬತ್ತೇಳರಲ್ಲಿ ಪಕ್ಕದ ಕಾಲುವೆಯ ಹೂಳೆತ್ತಿದರು.
ಮೈದಾನ ನೋಡಿಕೊಳ್ಳುವ ಹಾರ್ಮೆನ್
ಚೆಂಡುಗಳನ್ನು ಹುಲ್ಲಿನ ಮೇಲೆ ಸಾಲಿಟ್ಟು ಎಣಿಸಿದ:
ಮುನ್ನೂರ ಹನ್ನೊಂದು.
ಇದು ಸಾಧನೆಯೋ ಅಲ್ಲವೋ, ಯೋರಿಸ್, ನೀನೇ ಹೇಳು.

ಆ ಮೇಲೆ ಈ ಪುಟ ಸಿಕ್ಕಿತು.
ನಲವತ್ತೈದು, ಜನವರಿ ಹದಿನಾಲ್ಕು.
ಹಾಜರು ಆರು ಮಂದಿ. ವಿಷಯ: ಸೌದೆ.
ಗೋಲಿನ ಕಂಬ ಮೊದಲೇ ಉರಿದಿದ್ದವು,
ಬೆಂಚುಗಳು ಕ್ರಿಸ್‌ಮಸ್ಸಿಗೆ ಮುಗಿದಿದ್ದವು.
"ದಾಖಲಾದ ಕೋಲು ಐವತ್ತೇಳು.
ಶಾಲೆಯ ಸೂಪಿನ ಒಲೆಗೆ ಐವತ್ತಮೂರು.
ಬಾಕಿ ನಾಲ್ಕು."
ಅಂಚಿನಲ್ಲಿ ಬೇರೆ ಕೈಬರಹ:
ಹಿಪ್ಪುನೇರಳೆ ಚೆನ್ನಾಗಿ ಉರಿಯುತ್ತದೆ,
ಹಿಡಿಗೆ ಸುತ್ತಿದ ಬಟ್ಟೆ ಮಾತ್ರ ಹೊಗೆ.

ಮೂವತ್ತೊಂದರ ಆ ಕೊನೆಯ ಗೋಲು ಹೊಡೆದ ಗೂರ್ತ್ಯೆ
ತನ್ನ ಕೋಲನ್ನು ತಾನೇ ತಂದು ಒಲೆಗಿಟ್ಟಳಂತೆ.
ಯಾರೋ ತಡೆದರು.
"ಹೊಡೆದದ್ದು ನನ್ನ ಕೈ, ಇದಲ್ಲ," ಅಂದಳಂತೆ.
ಕೈಯನ್ನೂ ಹಾಗೇ ಬೆಂಕಿಗೆ ಚಾಚಿಕೊಂಡಿದ್ದಳಂತೆ, ಚಳಿಗೆ.

ಅಂತೆ ಅಂತೆ ಎನ್ನುತ್ತಿದ್ದೇನೆ,
ಆದರೆ ಆ ಸಾಲಿನಲ್ಲಿ ನಾನೂ ನಿಂತಿದ್ದೆ,
ಆರು ವರ್ಷ, ಅಣ್ಣನ ಮರದ ಚಡಾವು.
ಊರಲ್ಲಿ ಅಳತೆ ಪಾತ್ರೆ ಇರಲಿಲ್ಲ,
ಗೆದ್ದ ಕಪ್ಪನ್ನೇ ಕಡಾಯಿಗೆ ಅದ್ದುತ್ತಿದ್ದರು:
ಮಗುವಿಗೆ ಒಂದು ಕಪ್ಪು ಬೀಟ್ ಗಂಜಿ.
ಮಸಿ ಹಿಡಿದು ಹಿಡಿದು ಕಪ್ಪು ಕಪ್ಪಾಯಿತು.
ಕಡಾಯಿಯ ಬಾಯಿಗೆ ಬಡಿದು ಬಡಿದು
ಕಂಠದ ಕೆಳಗೊಂದು ತಗ್ಗು ಬಿತ್ತು.
ತಗ್ಗಿನಷ್ಟು ಗಂಜಿ ಕಡಿಮೆ ಬರುತ್ತದೆಂದು
ನಾನು ಜಗಳ ತೆಗೆದೆ.

ಜೂನಿನಲ್ಲಿ ಆಟ ಮತ್ತೆ ಶುರು.
ಮೈದಾನದ ತುಂಬ ಆಲೂಗಡ್ಡೆಯ ಸಾಲು,
ಒಂದು ಮೂಲೆ ಮಾತ್ರ ಖಾಲಿ.
ನಾಲ್ಕು ಕೋಲು, ಇಪ್ಪತ್ತಾರು ಜನ.
ಇಬ್ಬರಿಗೆ ಇಬ್ಬರು, ದಣಿದವರು ಕೋಲು ದಾಟಿಸಬೇಕು,
ದಣಿಯದವರೂ ದಾಟಿಸಬೇಕು.
ಎದುರಾಳಿಗೇ ಕೋಲು ಕೊಟ್ಟು ಬಂದ ಗೋಲಿ ಸೈಮೆನ್
ಬರಿಗೈಯಲ್ಲಿ ನಿಂತು ನಕ್ಕದ್ದು ನೆನಪಿದೆ.
ವಹಿಯಲ್ಲಿ ಅಂಕದ ಜಾಗದಲ್ಲಿ ಬರೆದಿದೆ:
"ಲೆಕ್ಕ ಇಟ್ಟಿಲ್ಲ."

ಪುಟ ಒಂದಾಗಲಿಲ್ಲ, ಯೋರಿಸ್, ಕ್ಷಮಿಸು.
ಬೆಳ್ಳಿ ಉಜ್ಜುವವನಿಗೆ ಹೇಳು,
ಆ ತಗ್ಗಿಗೆ ಸುತ್ತಿಗೆ ಮುಟ್ಟಿಸಕೂಡದು.
ಉಳಿದದ್ದು ನಿನ್ನಿಷ್ಟ.
ಶನಿವಾರ ಹುಡುಗಿಯರ ಪಂದ್ಯವಲ್ಲವೆ?
ಉದ್ದ ಹಿಡಿಯ ಬಲೆ ತರಲು ಮರೆಯಬೇಡ.
ಗಾಳಿ ಪಶ್ಚಿಮದ್ದು.
ಚೆಂಡು ಕಾಲುವೆಗೇ ಹೋಗುತ್ತದೆ.