ಜಾಲರಿಯ ಹಿಂದಿನ ಕೋಣೆ

ಟಿಕೆಟ್ಟಿನ ಹಿಂದೆ ಅಚ್ಚಾಗಿದೆ: ಒಳಗೆ ಓಡಬೇಡಿ, ಹಾಡಬೇಡಿ.
ಹನ್ನೊಂದು ಜನ ನಾವು. ಬ್ಯೂನಸ್ ಐರಿಸ್ಸಿನ ಜುಲೈ ಚಳಿಯನ್ನು
ಬಾಗಿಲಲ್ಲೇ ಕೊಡವಿ, ಕೋಟು ಬಿಚ್ಚದೆ
ನೇಲಿದಾಳ ಟಾರ್ಚಿನ ಹಿಂದೆ ಹೊರಟೆವು.

ಆಕೆ ಬೆಳಕನ್ನು ಮೇಲೆ ಹಾಯಿಸಿದಳು:
ಅದೋ, ಏಳನೇ ಅಂತಸ್ತು, ಅದರ ಹೆಸರು ಸ್ವರ್ಗ.
ಅಲ್ಲಿ ಕುರ್ಚಿಯಿಲ್ಲ, ಕಂಬಿಗೆ ಒರಗಿ ನಿಲ್ಲಬೇಕು.
ಬಂದರಿನ ಹಮಾಲರು, ದರ್ಜಿಗಳು
ಈರುಳ್ಳಿ ಕಚ್ಚುತ್ತ ನಿಂತು
ಆಟವನ್ನೂ ಕೆಳಗಿನ ಬೋಳುತಲೆಗಳನ್ನೂ
ಒಂದೇ ದುಡ್ಡಿಗೆ ನೋಡಿದರಂತೆ.

ಆಮೇಲೆ ನಮ್ಮನ್ನು ಇಳಿಸಿದಳು,
ನೆಲಕ್ಕಿಂತ ನಾಲ್ಕು ಮೆಟ್ಟಿಲು ತಗ್ಗಿಗೆ.
ಗೂಡಿನಂಥ ಕೋಣೆ. ಮುಂದೆ ಹಿತ್ತಾಳೆಯ ಜಾಲರಿ.
ಗಂಡ ಸತ್ತವರು ಎರಡು ವರ್ಷ ಇಲ್ಲಿ ಕೂತು ನೋಡಬೇಕು;
ಕಪ್ಪು ತೊಟ್ಟವಳು ನಕ್ಕದ್ದು ಊರಿಗೆ ಕಾಣಬಾರದು.
ಅವರಿಗೆ ಕಾಣುತ್ತಿದ್ದುದೂ ಬರೀ ಕಾಲು:
ರಾಜನ ಬೂಟು, ಸೇವಕನ ಬೂಟು.
ಅಂಚಿಗೆ ಬಿದ್ದು ಸತ್ತ ನಾಯಕಿಯದಾದರೆ
ಮುಖವೂ, ಪೂರ್ತಿ.

ಜಾಲರಿಯ ಮೇಲೆ ಬೆರಳಾಡಿಸಿದೆ.
ಒಂದೇ ಜಾಗದಲ್ಲಿ, ಮೂಗಿನ ಎತ್ತರಕ್ಕೆ,
ಹಿತ್ತಾಳೆ ನುಣ್ಣಗೆ ಸವೆದಿತ್ತು.

"ಹೆಂಡತಿ ಸತ್ತ ಗಂಡಸರಿಗೆ ಯಾವ ಗೂಡು?"
ಕೇಳಿದವನು ಅನೀಬಾಲ್. ನಲವತ್ತು ವರ್ಷ ಬಸ್ಸು ಓಡಿಸಿದವನು,
ಈ ಬಾಗಿಲ ಮುಂದೆ ದಿನಕ್ಕೆ ಎಂಟು ಸಲ
ಬ್ರೇಕು ಒತ್ತಿದವನು; ಒಳಗೆ ಬಂದದ್ದು ಇದೇ ಮೊದಲು.
ಅವರು ಎಲ್ಲಿ ಬೇಕಾದರೂ ಕೂರಬಹುದಿತ್ತು, ನೇಲಿದಾ ನಕ್ಕಳು.
"ಹಾಗಾದರೆ ನಾನು ಇಲ್ಲೇ."
ಕೂತೇಬಿಟ್ಟ. ಮೊಣಕಾಲು ಲಟಕ್ಕೆಂದಿತು.

ರಂಗದ ಮೇಲೆ ರಾತ್ರಿಯ ಹಾಸ್ಯದ ತಾಲೀಮು.
ನಮಗೆ ಕಂಡದ್ದು ಎರಡು ಹಳದಿ ಕಾಲುಚೀಲ, ಕೇಳಿಸಿದ್ದು ಒಂದೇ ಜೋಕು,
ಅತ್ತೆ, ಗಿಳಿ, ಕಂತು ಕಟ್ಟದ ಫ್ರಿಜ್ಜು,
ಮೂರು ಸಲ, ಮೂರು ದನಿಯಲ್ಲಿ,
ಎರಡು ಸಾವಿರ ಖಾಲಿ ಕುರ್ಚಿಗಳಿಗೆ.
ಮಖಮಲ್ಲಿನ ತುಟಿ ಬಿಗಿದು ಕೂತಿದ್ದವು ಅವು.

ನಾಲ್ಕನೇ ಸಲಕ್ಕೆ ನಮ್ಮ ನಡುವಿನಿಂದಲೇ ನಗು.
ಕೆಮ್ಮೆಂದುಕೊಂಡೆವು. ಅಲ್ಲ.
ತುಕ್ಕು ಹಿಡಿದ ಗೇರು ಒಂದೊಂದೇ ಬೀಳುವ ಹಾಗೆ
ತಡೆದು, ಕುಲುಕಿ,
ಆಮೇಲೆ ಇಳಿಜಾರಿಗೆ ಬಿಟ್ಟ ಬಸ್ಸು.

ಕಾಲುಚೀಲಗಳು ನಿಂತವು. ತಿರುಗಿದವು. ಅಂಚಿಗೆ ಬಂದವು.
"ಯಾರದು?"
ಯಾರೂ ಹೇಳಲಿಲ್ಲ. ಅನೀಬಾಲ್ ಬಾಯಿಗೆ ಟೊಪ್ಪಿ ಒತ್ತಿಕೊಂಡಿದ್ದ,
ಭುಜ ಇನ್ನೂ ಅಲುಗುತ್ತಿತ್ತು, ನಗೆಗೋ ಏನಕ್ಕೋ.
ಹುಡುಗ ಬಗ್ಗಿದ, ಇನ್ನೂ ಬಗ್ಗಿದ,
ಹಲಗೆಗೆ ಕೆನ್ನೆ ತಾಗಿಸಿ ಮಲಗಿಯೇಬಿಟ್ಟ.
ಆಗ ಕಂಡಿತು ಮುಖ, ಪೂರ್ತಿ.
"ಸ್ವಾಮಿ," ಅಂದ, "ಗಿಳಿಗೆ ನಕ್ಕಿರೋ, ಫ್ರಿಜ್ಜಿಗೋ?"

ನೇಲಿದಾ ಗಡಿಯಾರ ನೋಡಿಕೊಂಡಳು:
ಬನ್ನಿ, ಮುಂದಿನದು ಶೌಚಾಲಯ, ಇಟಲಿಯ ಅಮೃತಶಿಲೆ.
ಹತ್ತು ಜನ ಹೊರಟೆವು.