ಚಿಲ್ಲರೆ ತೂಕ

ಅವಳು ಅಂಗನವಾಡಿ ತರಬೇತಿಗೆಂದು
ಚಿಕ್ಕಬಳ್ಳಾಪುರಕ್ಕೆ ಹೋದ ದಿನ
ನನಗೆ ವಾರದ ರಜೆ.
ಶಿಡ್ಲಘಟ್ಟದ ನಮ್ಮ ಗಲ್ಲಿಯಲ್ಲಿ ಹತ್ತಕ್ಕೇ ಕರೆಂಟು ಹೋಗಿತ್ತು.
ಅಡುಗೆಮನೆಯಲ್ಲಿ ಮೂರು ಮಕ್ಕಳು:
ನನ್ನ ಮಗಳು ತನುಶ್ರೀ,
ಹಿಂದಿನ ಬೀದಿಯ ರೀಲಿಂಗ್ ಮನೆಯ ನಿಖತ್,
ಯಾರ ಜೊತೆ ಬಂದನೋ ಗೊತ್ತಿಲ್ಲದ ಗಗನ.

ಐವತ್ತೆರಡು ಸೀಟಿನ ಬಸ್ಸು ಸುಧಾರಿಸುವವನು
ಇವರನ್ನು ಸುಧಾರಿಸಲಾರೆನೇ ಅಂದುಕೊಂಡೆ.

ಮೊದಲು ಚಿಗಳಿ.
ಹುಣಸೆಹಣ್ಣಿನ ನಾರು ತೆಗೆಯುವುದು ಗಗನನ ಪಾಲು.
ನಾರಿನಲ್ಲೂ ಒಂದಿಷ್ಟು ಹಣ್ಣು ಉಳಿದಿರುತ್ತದಲ್ಲ,
ಚೀಪುವುದೂ ಅವನದೇ.
ಬೆಲ್ಲ, ಉಪ್ಪು, ಹುರಿದ ಜೀರಿಗೆ,
ಒಣಮೆಣಸಿನಕಾಯಿ ಎರಡು. ಒಂದು ಸಾಕಿತ್ತು.
ಕುಟ್ಟಾಣಿಯಲ್ಲಿ ಸರದಿ ಮೇಲೆ ಕುಟ್ಟಬೇಕು,
ನಾನು ಸೀಟಿ ಊದಿದರೆ ಕೈ ಬದಲು.
ಹೊಸ ಪೊರಕೆಯಿಂದ ಹನ್ನೆರಡು ಕಡ್ಡಿ ಮುರಿದೆ,
ಅವಳು ಎಣಿಸಿರಲಾರಳು ಎಂಬ ಧೈರ್ಯದಲ್ಲಿ.
ಉಂಡೆ ಕಟ್ಟಿ ಚುಚ್ಚಿದ್ದು ಹನ್ನೆರಡು,
ತಟ್ಟೆಯಲ್ಲಿ ಉಳಿದದ್ದು ಏಳು.

ಆಮೇಲೆ ಟಿಕೆಟ್ ಮಿಷನ್ನಿನ ಉಳಿಕೆ ಸುರುಳಿ ಕತ್ತರಿಸಿ
ಬಳೆಗೆ ಬಳೆ ಕೋದು ತೋರಣ ಮಾಡೋಣವೆಂದು
ಮೈದಾ ಗೋಂದು ಕುದಿಸಿದೆ. ಗಂಟಾಯಿತು.
ಕಾಗದಕ್ಕೆ ಹಿಡಿಯದ್ದು
ಗಗನನ ಹುಬ್ಬಿಗೆ ಚೆನ್ನಾಗಿ ಹಿಡಿಯಿತು.

ತಕ್ಕಡಿ ಮಾತ್ರ ಸರಿಯಾಗಿ ಬಂತು.
ಎರಡು ಕಾಯಿಚಿಪ್ಪು, ಹುರಿ, ತನುಶ್ರೀಯ ಅಡಿಪಟ್ಟಿ.
ಒಂದು ಚಿಪ್ಪು ಕೊಂಚ ಹಗುರ,
ಅದರ ತಳಕ್ಕೆ ಹುಣಸೆಯ ಒಂದು ಚಿಟಿಕೆ ಮೆತ್ತಿದಳು ನಿಖತ್,
ಯಾರೂ ಹೇಳಿಕೊಡದೆ.
ತೂಕದ ಬಟ್ಟಿಗೆ ನನ್ನ ಚೀಲದ ಚಿಲ್ಲರೆ.
ಈರುಳ್ಳಿ ತೂಗಿದರು, ಚಮಚ ತೂಗಿದರು,
ಗಗನನ ಒಂದು ಚಪ್ಪಲಿ ತೂಗಲು ಹೋಗಿ
ಅಡಿಪಟ್ಟಿ ಸೀಳುಬಿಟ್ಟಿತು.

ನಿಖತ್ ಓಡಿಹೋಗಿ ಮಡಿಲು ತುಂಬ ತೂತುಗೂಡು ತಂದಳು.
ಒಂದು ರೂಪಾಯಿಗೆ ಹನ್ನೊಂದು ಗೂಡು.
ಮತ್ತೆ ಮತ್ತೆ ತೂಗಿದರು, ಹನ್ನೊಂದೇ.
ಕೊನೆಗೆ ಅವಳ ಮುಷ್ಟಿಯಿಂದ ಇನ್ನೊಂದು ಬಂತು,
ತೂತಿಲ್ಲದ್ದು, ಮೂಟೆಯಿಂದ ಜಾರಿದ್ದು.
ಅದರ ಎದುರಿಗೆ ಐದು ಖಾಲಿ ಗೂಡು ಇಟ್ಟಾಗ
ಅಡಿಪಟ್ಟಿ ನೆಟ್ಟಗೆ ನಿಂತಿತು.

ತನುಶ್ರೀ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.
‘ಅಪ್ಪಾ, ಒಳಗೆ ಯಾರೋ ಅವ್ರೆ.’
ಬೆರಳು ಮಡಚಿ ಲೆಕ್ಕ ಹಾಕಿದಳು:
‘ಮನೆ ಒಂದು ತೂಕ, ಮನೆಯೋರು ನಾಲ್ಕು ತೂಕ.’

‘ಹುಳ,’ ಅಂದಳು ನಿಖತ್, ಚಿಗಳಿ ಕಡ್ಡಿ ಬಾಯಲ್ಲೇ ಇಟ್ಟುಕೊಂಡು.
‘ನಮ್ಮನೇಲಿ ಬಿಸಿನೀರಿಗೆ ಹಾಕ್ತಾರೆ.
ನೂಲು ಬಿಚ್ಚಿದ ಮೇಲೆ ತಳದಲ್ಲಿ ಕೂರ್ತದೆ.’
ಅನ್ನ ಬೆಂತು ಎಂದ ಹಾಗೆ ಅಂದಳು.
ಅವಳ ಶಾಲೆ ಫೀಸು, ಕಾಲಿನ ಗೆಜ್ಜೆ
ಎಲ್ಲ ಆ ನೀರಿನಿಂದಲೇ ಬಂದದ್ದು.

ಮಗಳು ನನ್ನ ಕಡೆ ನೋಡಿದಳು.
ಐನೂರರ ನೋಟು ಹಿಡಿದವರ ಎದುರು
ಚಿಲ್ಲರೆ ಇಲ್ಲದೆ ನಿಲ್ಲುತ್ತೇನಲ್ಲ,
ಆ ಮುಖ ಮಾಡಿಕೊಂಡು ನಿಂತೆ.

ಬೆಂಕಿಪೊಟ್ಟಣ ಹುಡುಕಿಕೊಟ್ಟವಳು ನಿಖತ್ತೇ.
ಗೋಡೆಗೆ ಪಿನ್ನಿನಿಂದ ಉಸಿರುತೂತು ಮಾಡಿದವಳೂ ಅವಳೇ.
ತನುಶ್ರೀ ಟಿಕೆಟ್ ಕಾಗದದ ಚೂರಿನ ಮೇಲೆ
‘ಸೀಟು ಕಾದಿರಿಸಲಾಗಿದೆ’ ಎಂದು ಬರೆದು
ಗಂಟುಗೋಂದಿನಿಂದ ಅಂಟಿಸಿದಳು.
ಅದು ಹಿಡಿಯಿತು.

ಸಂಜೆ ಅವಳು ಬಂದು ಚಿಗಳಿ ಚೀಪಿ
‘ಉಪ್ಪು ಸಾಲ್ದು’ ಅಂದಳು,
ಉಪ್ಪಿನ ಜಾಡಿ ತೆಗೆಯಹೋಗಿ
ಪಕ್ಕದ ಬೆಂಕಿಪೊಟ್ಟಣದ ಬರಹ ಓದಿ
ಅಲ್ಲೇ ಬಿಟ್ಟಳು, ಮೆಲ್ಲಗೆ.
ಪೊರಕೆಯ ಮಾತು ಮಾರನೆಯ ದಿನಕ್ಕೆ ಉಳಿಯಿತು.

ಬೆಳಿಗ್ಗೆ ಚಿಂತಾಮಣಿಯ ಮೊದಲ ಟ್ರಿಪ್ಪು.
ವೈ. ಹುಣಸೇನಹಳ್ಳಿಯಲ್ಲಿ ಇಳಿಯುವ ಹೆಂಗಸಿಗೆ
ಎರಡು ರೂಪಾಯಿ ಕೊಟ್ಟೆ. ನಾಣ್ಯ ನಾಣ್ಯಕ್ಕೆ ಅಂಟಿತ್ತು.
ಅವಳು ಬಿಡಿಸಲು ನೋಡಿದಳು, ಬೆರಳು ಮೂಸಿದಳು,
ನನ್ನನ್ನೊಮ್ಮೆ ನೋಡಿದಳು.
ನಾನು ಸೀಟಿ ಊದಿದೆ.