ಹೊಸ್ತಿಲ ತೂಕ

ಪಾಷಾಣ್ ಅಂದರೆ ಪುಣೆಯ ಒಂದು ಬಡಾವಣೆ.
ನಮ್ಮ ಕಡೆ ಪಾಷಾಣವನ್ನು ಇಲಿಗಿಡುತ್ತಾರೆ
ಎಂದಾಗ ಖೈರೆ ಮಾಮಾ ನಕ್ಕಿದ್ದರು,
ಎರಡೂ ಕೈ ಮೊಣಕೈವರೆಗೆ ಕರ್ರಗೆ.

ಮಸಿ. ಕಣವೊಂದಕ್ಕೆ ಮೂವತ್ತು ನ್ಯಾನೊಮೀಟರು.
ಅಂಟಿನಲ್ಲಿ ಅದನ್ನು ಕಲಸುವುದು ಅವರ ಕೆಲಸ,
ಕರೆಂಟು ಯಾವಾಗ ದಾಟೀತೆಂದು
ಮೊದಲೇ ಹೇಳುವುದು ನನ್ನದು.

ನೂರಕ್ಕೆ ಒಂದು ಪಾಲು ಮಸಿ: ಮೀಟರು ಮೂಕ.
ಎರಡು: ಮೂಕ.
ಮೂರರ ಹತ್ತಿರ ಎಲ್ಲೋ
ಇನ್ನೊಂದು ಚಿಟಿಕೆ ಬಿದ್ದದ್ದೇ ತಡ
ತಡೆ ಕೋಟಿ ಪಟ್ಟು ಕುಸಿಯುತ್ತದೆ.
ಹಾಗಾದರೆ ಮುಂಚೆ ಬಂದವು ಸುಮ್ಮನಿದ್ದವೆ?
ಅರ್ಧ ಕಟ್ಟಿದ ದಾರಿಗಳು ಅವು;
ಕೊನೆಗೆ ಬಂದ ಕಣಕ್ಕೆ ಸೇತುವೆಯೆಂಬ ಹೆಸರು.

ಸಂಜೆ ಸ್ವಾರಗೇಟ್ ಬಸ್ಸು. ಹಿಂಬಾಗಿಲಲ್ಲಿ ಜೋತು
ಹತ್ತರ ನಾಣ್ಯ ಮುಂದೆ ಚಾಚಿದೆ.
ಹಸಿರು ಬಳೆಯ ಕೈ, ಬ್ಯಾಟು ಹೊತ್ತ ಹುಡುಗ,
ನೈಟ್ ಡ್ಯೂಟಿಗೆ ಹೊರಟ ನರ್ಸು,
ಒಬ್ಬರಿಗೊಬ್ಬರು ಗುರುತಿಲ್ಲ.
ಒಂದು ಕಡೆ ಬೆರಳಿಗೆ ಬೆರಳು ಎಟುಕಲೂ ಇಲ್ಲ,
ನಾಣ್ಯ ಗಾಳಿಯಲ್ಲೇ ಹಾರಿ ದಾಟಿತು.
ಟಿಕೆಟ್ಟು ಬಂತು, ಚಿಲ್ಲರೆಯೂ.
ಚೀಲ ಹಾಕಿಕೊಂಡವನು ನಿರ್ವಾಹಕ, ಸರಿ.
ವಾಹಕರು ನಡುವೆ ನಿಂತವರು.

ಮನೆಗೆ ಬಂದವಳೇ ಆ ಜಿಗಿತವನ್ನು ಲೆಕ್ಕಕ್ಕೆ ಸೇರಿಸಿದೆ:
ಮುಟ್ಟದಿದ್ದರೂ ಸರಿ, ಎರಡು ನ್ಯಾನೊಮೀಟರಿನೊಳಗಿದ್ದರೆ ಸಾಕು.
ಹತ್ತು ಸಾವಿರ ಸಲ ಖಾಲಿ ಪೆಟ್ಟಿಗೆಯಲ್ಲಿ ಕಣ ಚೆಲ್ಲಿದೆ.
ಆದರೂ ನನ್ನ ಹೊಸ್ತಿಲು ಒಂಬತ್ತರಲ್ಲಿ,
ಮಾಮಾನದು ಮೂರರಲ್ಲೇ.

"ಸರಿಯಾಗಿ ಕಲಸುತ್ತೀರಾ?" ಕೇಳಿದೆ, ಕೊಂಚ ಬಿರುಸಾಗಿ.
ಅವರು ಕೈ ಒರೆಸಿಕೊಂಡರು, ಚಿಂದಿಯೂ ಕಪ್ಪಾಯಿತು.
"ಹನ್ನೊಂದಕ್ಕೆ ಚಹಾಕ್ಕೆ ಹೋಗುತ್ತೇನೆ ಮೇಡಂ.
ಬರುವಷ್ಟರಲ್ಲಿ ಒಂದಿಷ್ಟು ಗಂಟು ಕಟ್ಟಿರುತ್ತದೆ.
ಇನ್ನು ಮೇಲೆ ಹೋಗುವುದಿಲ್ಲ."

ಗಂಟು!
ನನ್ನ ಪೆಟ್ಟಿಗೆಯಲ್ಲಿ ಪ್ರತಿ ಕಣವೂ
ಮರ್ಯಾದೆಯ ದೂರದಲ್ಲಿ ನಿಂತಿತ್ತು,
ಅಚ್ಚುಕಟ್ಟಾಗಿ, ಯಾರಿಗೂ ಏನೂ ದಾಟಿಸದೆ.
ಅವರ ಬೋಗುಣಿಯಲ್ಲಿ ಹೆಗಲಿಗೆ ಹೆಗಲು,
ಅಡ್ಡಾದಿಡ್ಡಿ ಗುಂಪು, ಉದ್ದುದ್ದ ಬಾಲ,
ಒಂದರ ಬಾಲ ಇನ್ನೊಂದರ ಬಾಗಿಲಿಗೆ.

ಈಗ ಸಮೀಕರಣದಲ್ಲಿ ಹೊಸದೊಂದು ಅಕ್ಷರವಿದೆ: ಚ.
ವರದಿಯಲ್ಲಿ ಅದಕ್ಕೆ ಗುಂಪುಗೂಡುವಿಕೆಯ ಗುಣಾಂಕ
ಎಂದು ಬರೆದಿದ್ದೇನೆ, ಯಾರೂ ಕೇಳಿಲ್ಲ.
ಹನ್ನೊಂದಕ್ಕೆ ಮಾಮಾ ಗಡಿಯಾರ ನೋಡಿ
ನನ್ನ ಮುಖ ನೋಡಿ ನಿಂತುಬಿಡುತ್ತಾರೆ.
ಹೋಗಿ ಬನ್ನಿ, ಅನ್ನುತ್ತೇನೆ.
ಹದಿನಾರು ನಿಮಿಷ. ಒಂದೂ ಕಡಿಮೆ ಮಾಡಬೇಡಿ.